ಹಳೆಯ ಫೋಟೋದಲ್ಲಿರುವ ಕಾರನ್ನು ನಾನು ಗುರುತಿಸುವ ಬಗೆ

ಹುಬ್ಬಳ್ಳಿ-ಧಾರವಾಡ ಹಾಗೂ ಸುತ್ತಲಿನ ಊರುಗಳ ಹಳೆಯ ಮನೆತನಗಳ ಮದುವೆ, ಮುಂಜಿವೆ ಫೋಟೋಗಳಲ್ಲಿ ನಿಂತಿರುವ ಕಾರು ಯಾವುದು, ಯಾವ ಕಾಲದ್ದು ಎಂದು ಕಂಡುಹಿಡಿಯುವುದು ನನ್ನ ಬಹುಕಾಲದ ಹವ್ಯಾಸ. ಎಲ್ಲರ ಕಣ್ಣೂ ಮೊದಲು ಗ್ರಿಲ್ಲಿಗೆ ಮತ್ತು ಲಾಂಛನಕ್ಕೆ ಹೋಗುತ್ತದೆ. ನಾನು ಅವೆರಡನ್ನೂ ಕೊನೆಗೆ ನೋಡುತ್ತೇನೆ. ಬಿಡಿಭಾಗಗಳು ಸುಲಭವಾಗಿ ಸಿಗದ ಕಾಲದಲ್ಲಿ ಮಾರ್ಕ್ ಒನ್ ಅಂಬಾಸಿಡರ್‌ಗೆ ಮಾರ್ಕ್ ಟೂ ಗ್ರಿಲ್ಲು ಕೂಡಿಸುವುದು, ಬಂಪರ್, ದೀಪ, ವೀಲ್ ಕಪ್‌ಗಳನ್ನು ಒಂದು ಗಾಡಿಯಿಂದ ತೆಗೆದು ಮತ್ತೊಂದಕ್ಕೆ ಹಾಕುವುದು ನಮ್ಮ ಗ್ಯಾರೇಜುಗಳಲ್ಲಿ ನಡೆದೇ ಇತ್ತು. ಆದರೆ ಬಾಗಿಲಿನ ಬಿಜಾಗರಿ ಕಾರಿನ ಮೈಯ ಯಾವ ಕಂಬಕ್ಕಿದೆ, ಮುಂಗಾಜು ಅಖಂಡವೋ ನಡುವೆ ಪಟ್ಟಿಯುಳ್ಳ ಎರಡು ತುಂಡೋ ಎಂಬುದನ್ನು ಯಾವ ಮೆಕ್ಯಾನಿಕ್ಕೂ ಸುಮ್ಮನೆ ಬದಲಿಸುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮನೆಯಿಂದ ಬಂದ ಒಂದು ಮದುವೆಯ ಫೋಟೋ ಇದಕ್ಕೆ ಒಳ್ಳೆಯ ನಿದರ್ಶನ. 'ಅಜ್ಜಾರ ಅಂಬಾಸಿಡರ್' ಎಂದೇ ಮನೆಯವರು ಹೇಳಿದ್ದರು. ಹೂವಿನ ಹಾರಗಳು ಗ್ರಿಲ್ಲನ್ನೂ ನಂಬರ್ ಪ್ಲೇಟನ್ನೂ ಪೂರ್ತಿ ಮುಚ್ಚಿದ್ದವು. ಆದರೆ ಮುಂದಿನ ಬಾಗಿಲಿನ ಹಿಡಿಕೆ ಬಾನೆಟ್ಟಿನ ಕಡೆಗೂ ಹಿಂದಿನ ಬಾಗಿಲಿನದು ಡಿಕ್ಕಿಯ ಕಡೆಗೂ ಇದ್ದವು, ಅಂದರೆ ಎರಡೂ ಬಾಗಿಲುಗಳು ಅವುಗಳ ನಡುವಿನ ಕಂಬಕ್ಕೇ ತೂಗುತ್ತಿದ್ದವು. ಅಂಬಾಸಿಡರ್‌ನ ಬಾಗಿಲುಗಳು ಹಾಗಿಲ್ಲ. ಅದು ಪ್ರೀಮಿಯರ್ ಕಂಪನಿ ಮುಂಬೈಯ ಕುರ್ಲಾದಲ್ಲಿ 1954ರಿಂದ ಹೊರತಂದ ಫಿಯಟ್ 1100. ಮುಂಬೈ ಕಡೆಯವರು 'ಡುಕ್ಕರ್ ಫಿಯಟ್' ಎಂದು ಕರೆಯುವ ಗಾಡಿ. 1964ರಲ್ಲಿ ಅದರ ಡಿಲೈಟ್ ಮಾದರಿ ಬಂದಾಗ ಮುಂದಿನ ಬಾಗಿಲು ಮುಂಗಂಬಕ್ಕೆ ಹೋಯಿತು. ಫೋಟೋದ ಕಾರಿನ ಹಿಂಭಾಗ ದುಂಡಗಿದ್ದು, ನಂತರದ ಮಾದರಿಗಳ ಚೂಪು ರೆಕ್ಕೆಗಳು ಇರಲಿಲ್ಲವಾದ್ದರಿಂದ, ಗಾಡಿ ಐವತ್ತರ ದಶಕದ್ದೆಂದು ಹೇಳಲು ನನಗೆ ಅಳುಕಾಗಲಿಲ್ಲ. ಮನೆಯ ಹಿರಿಯರು ಮಾತ್ರ ಅಂಬಾಸಿಡರ್ ಅನ್ನೇ ಹಿಡಿದು ಕೂತರು.

ಮುಂಗಾಜಿನ ಸಾಕ್ಷ್ಯವೂ ಇಷ್ಟೇ ಗಟ್ಟಿ. ಷೆವ್ರೊಲೆ ಕಾರುಗಳಲ್ಲಿ 1952ರ ಮಾದರಿಯವರೆಗೆ ಎರಡು ತುಂಡಿನ ಗಾಜಿದ್ದು, 1953ರಲ್ಲಿ ಅಖಂಡ ಬಾಗುಗಾಜು ಬಂದಿತು; ಇಂಗ್ಲೆಂಡಿನ ಮೋರಿಸ್ ಮೈನರ್‌ನಲ್ಲಿ ಆ ಬದಲಾವಣೆಯಾದದ್ದು 1956ರಲ್ಲಿ. ಕಾರು ಪೂರ್ತಿ ಪಕ್ಕದಿಂದ ಕಂಡರೆ, ಎರಡು ಗಾಲಿಗಳ ನಡುವಿನ ಅಂತರವನ್ನು ಗಾಲಿಯ ಎತ್ತರದಿಂದ ಭಾಗಿಸಿ ನೋಡುತ್ತೇನೆ. ಆ ಅಂತರ ಫಿಯಟ್ 1100ಕ್ಕೆ 2340, ಅಂಬಾಸಿಡರ್‌ಗೆ ಸುಮಾರು 2464 ಮಿಲಿಮೀಟರ್. ಓರೆಯಾಗಿ ತೆಗೆದ ಫೋಟೋದಲ್ಲಿ ಈ ಲೆಕ್ಕ ನಡೆಯದು.

ಸ್ಟೇರಿಂಗ್ ಎಡಕ್ಕೆ ಕಂಡರೆ ವಿದೇಶಿ ಗಾಡಿ ಎಂದು ಹಿಗ್ಗುವ ಮೊದಲು ಗಂಡಸರ ಅಂಗಿಯ ಜೇಬನ್ನು ನೋಡಬೇಕು. ಜೇಬು ಬಲ ಎದೆಯ ಮೇಲಿದ್ದರೆ ಸ್ಟುಡಿಯೋದವರು ನೆಗೆಟಿವ್ ತಿರುವಿ ಪ್ರಿಂಟ್ ಹಾಕಿದ್ದಾರೆಂದೇ ಅರ್ಥ.

ನಂಬರ್ ಪ್ಲೇಟು ಕಾರಿನ ವಯಸ್ಸನ್ನು ಹೇಳುವುದಕ್ಕಿಂತ ಫೋಟೋದ ವಯಸ್ಸನ್ನು ಚೆನ್ನಾಗಿ ಹೇಳುತ್ತದೆ. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯದಲ್ಲಿದ್ದುದರಿಂದ ಅದಕ್ಕೂ ಹಿಂದಿನ ಇಲ್ಲಿನ ಗಾಡಿಗಳಿಗೆ 'ಬಿಎಂ' ಮೊದಲಾದ ಅಕ್ಷರಗಳು, ನಂತರ ಮೈಸೂರು ರಾಜ್ಯದ 'ಎಂವೈ'. ಈಗಿನ 'ಕೆಎ' ಅಕ್ಷರಗಳು ಬಂದದ್ದು 1989ರ ಸುಮಾರಿಗೆ. ಆದ್ದರಿಂದ ಕೆಎ ಫಲಕವಿರುವ ಕಾರು ಎಷ್ಟೇ ಹಳೆಯದಾಗಿರಲಿ, ಆ ಫೋಟೋ ಅದಕ್ಕಿಂತ ಹಿಂದಿನದಾಗಿರಲಾರದು.