ಪ್ಯಾಸೆಂಜರ್ ಬೋಗಿಯ ಬಣ್ಣ ಯಾವ ಕಾಲದ್ದು? ಮಾಡೆಲ್ ಮಾಡುವವರಿಗೆ

ಬಣ್ಣಕ್ಕಿಂತ ಮೊದಲು ಅಕ್ಷರ ನೋಡಿ. ದಕ್ಷಿಣ ರೈಲ್ವೆಯ ಗುರುತಿದ್ದರೆ 1951ರ ನಂತರದ್ದು. ನೈಋತ್ಯ ರೈಲ್ವೆ ಎಂದಿದ್ದರೆ 2003ಕ್ಕಿಂತ ಹಿಂದೆ ಹೋಗುವಂತಿಲ್ಲ. ಐದಂಕಿ ನಂಬರಿನ ಮೊದಲೆರಡು ಅಂಕಿ ತಯಾರಾದ ವರ್ಷ. 87 ಅಂದರೆ 1987. ಎಡವುವುದು ಇಲ್ಲೇ: ಅದು ಬೋಗಿಯ ವಯಸ್ಸು, ಬಣ್ಣದ್ದಲ್ಲ. ಅದೇ ಬೋಗಿ ಮುಂದೆ ವರ್ಕ್‌ಶಾಪಿಗೆ ಹೋಗಿ ನೀಲಿಯಾಗಿ ಬಂದಿರಬಹುದು. ತುದಿಗೋಡೆಯ ಮೇಲೆ ಬರೆದ ಪಿಒಎಚ್ (ವರ್ಕ್‌ಶಾಪಿನಲ್ಲಿ ನಿಗದಿತ ಅವಧಿಗೊಮ್ಮೆ ಮಾಡುವ ದೊಡ್ಡ ರಿಪೇರಿ) ತಾರೀಖು ಸಿಕ್ಕರೆ ಅದನ್ನೇ ನಂಬಿ.

ಸ್ಥೂಲವಾಗಿ, ಕೆಂಗಂದು 1990ರ ದಶಕದವರೆಗೆ. ಕಡುನೀಲಿ, ಕಿಟಕಿಸಾಲಿಗೆ ತಿಳಿನೀಲಿ ಪಟ್ಟಿ ಆಮೇಲಿನದು. ನಡುವೆ ಕೆಲವು ವರ್ಷ ಎರಡೂ ಒಂದೇ ಗಾಡಿಯಲ್ಲಿ ಓಡಿವೆ, ಹಾಗಾಗಿ ಬೆರಕೆ ರೇಕು (ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲು) ತಪ್ಪಲ್ಲ.

ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಅಳತೆ, ರಿವೆಟ್ಟು ನೋಡಿಕೊಳ್ಳಿ. ಬಣ್ಣ ಮಾತ್ರ ಬೇಡ, ಬಿಸಿಲುಮಳೆಗೆ ನಿಂತವಕ್ಕೆ ಮತ್ತೆ ಬಳಿದಿರುತ್ತಾರೆ. ಹಳೆ ಕಲರ್ ಫೋಟೋದಲ್ಲಿ ಬಿಳಿ ಅಕ್ಷರ ಗುಲಾಬಿಯಾಗಿ ಕಂಡರೆ ಪ್ರಿಂಟೇ ಮಾಸಿದೆ, ಕೆಂಪನ್ನು ಅಷ್ಟು ಇಳಿಸಿ ಓದಿ.

ಬಳಿಯುವಾಗ ತಿಳಿನೀಲಿ ಮೊದಲು. ಒಣಗಿದ ಮೇಲೆ ಟೇಪು ಹಚ್ಚಿ, ಅದರ ಅಂಚಿಗೆ ಮತ್ತೊಮ್ಮೆ ತಿಳಿನೀಲಿಯನ್ನೇ ತೆಳ್ಳಗೆ ಸವರಿ, ನಂತರ ಕಡುನೀಲಿ. ಇದನ್ನು ಬಿಟ್ಟರೆ ರಿವೆಟ್ಟಿನ ಸಂದಿಯಲ್ಲಿ ಕಡುನೀಲಿ ಒಳಗೆ ಹರಿಯುತ್ತದೆ.