ಊರಿನವರಿಗೆ ಹಳೆಯ ಕನ್ನಡ ಸಿನಿಮಾ ತೋರಿಸುವುದು ಹೇಗೆ: ಹಾಸನ, ಚಿಕ್ಕಮಗಳೂರು ಸೀಮೆಯವರಿಗೆ

ಯಾರಾದರೂ "ಒಳ್ಳೆ ಹಳೇ ಸಿನಿಮಾ ಇದ್ರೆ ಹೇಳಿ" ಅಂದರೆ ಇಪ್ಪತ್ತು ಹೆಸರು ಒಪ್ಪಿಸಬೇಡಿ. ಪಟ್ಟಿ ತಗೊಂಡವರು ಅದನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತಾರೆ, ಅಷ್ಟೇ. ಒಂದೇ ಸಿನಿಮಾ ಹೇಳಿ, ಅದನ್ನು ಸರಿಯಾದ ಪ್ರತಿಯಲ್ಲಿ, ಜೊತೆಗೆ ಕೂತು ಮೊದಲಿಂದ ಕೊನೆಯ ತನಕ ತೋರಿಸಿ. ನಮ್ಮ ಎರಡು ಜಿಲ್ಲೆಯವರಿಗೆ ಇದರಲ್ಲಿ ಒಂದು ಅನುಕೂಲವಿದೆ. ಕನ್ನಡದ ದೊಡ್ಡ ಸಿನಿಮಾಗಳಲ್ಲಿ ಹಲವು ಇಲ್ಲಿನ ಲೇಖಕರ ಕಥೆಗಳಿಂದ ಬಂದವು, ಕೆಲವು ಇಲ್ಲಿನ ಊರುಗಳಲ್ಲೇ ಚಿತ್ರೀಕರಣವಾದವು. ಪರಿಚಯದ ನೆಲದಿಂದ ಶುರು ಮಾಡಿದರೆ "ಹಳೇ ಸಿನಿಮಾ ನಮಗೆ ಹಿಡಿಸಲ್ಲ" ಅನ್ನುವವರೂ ಬಂದು ಕೂರುತ್ತಾರೆ.

ಯಾವುದು ಮೊದಲು, ಯಾವುದು ಆಮೇಲೆ

ಮೊದಲ ಪ್ರದರ್ಶನಕ್ಕೆ 1974ರ 'ಭೂತಯ್ಯನ ಮಗ ಅಯ್ಯು' ಇಟ್ಟುಕೊಳ್ಳಿ. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರರದು, ನಿರ್ದೇಶನ ಸಿದ್ದಲಿಂಗಯ್ಯನವರದು, ಚಿತ್ರೀಕರಣ ನಡೆದದ್ದು ಚಿಕ್ಕಮಗಳೂರು ಜಿಲ್ಲೆಯ ಕಳಸಾಪುರದಲ್ಲಿ. ಊರನ್ನು ಗೋಳು ಹೊಯ್ದುಕೊಂಡ ಸಾಹುಕಾರ, ಅವನ ಮಗ, ಅವರ ಮೇಲೆ ಹಗೆ ಹಿಡಿದ ಗುಳ್ಳ. ಜಗಳವಿದೆ, ನಗುವಿದೆ, ಊಟವಿದೆ. ಅಜ್ಜನೂ ಮೊಮ್ಮಗನೂ ಒಂದೇ ಚಾಪೆಯ ಮೇಲೆ ಕೂತು ನೋಡುವಂಥದ್ದು.

ಎರಡನೆಯದಕ್ಕೆ 1967ರ 'ಬೆಳ್ಳಿಮೋಡ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಎಸ್ಟೇಟು, ಒಬ್ಬಳೇ ಮಗಳು, ಆಸ್ತಿ ನೋಡಿ ಗೊತ್ತಾದ ಮದುವೆ: ತೋಟದ ಮನೆಗಳಿರುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಇಂದಿರಾ ಪಾತ್ರದ ಕಲ್ಪನಾ ಕೊನೆಯಲ್ಲಿ ಏನು ಉತ್ತರ ಕೊಡುತ್ತಾರೆ ಅನ್ನುವುದನ್ನು ಮಾತ್ರ ಯಾರೂ ಮೊದಲೇ ಹೇಳಕೂಡದು. ಮೊದಲೇ ನೋಡಿದವರಲ್ಲಿ ಇದನ್ನು ಬಾಗಿಲಲ್ಲೇ ಕೇಳಿಕೊಳ್ಳಿ.

ಮೂರನೆಯದು 'ತಬರನ ಕಥೆ', 1986. ಮೂಡಿಗೆರೆಯಲ್ಲಿದ್ದ ತೇಜಸ್ವಿಯವರ ಕಥೆಯನ್ನು ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು, ತಬರನಾಗಿ ಚಾರುಹಾಸನ್. ಪಿಂಚಣಿಗಾಗಿ ಕಚೇರಿ ಅಲೆದವರು ಊರಲ್ಲಿ ಇದ್ದೇ ಇರುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯಿರಿ. ಸಿನಿಮಾ ಮುಗಿದ ಮೇಲೆ ಮಾತಾಡುವವರು ಅವರೇ.

ಇಷ್ಟಾದ ಮೇಲೆ 1977ರ 'ಘಟಶ್ರಾದ್ಧ', ಕೊನೆಗೆ 1970ರ 'ಸಂಸ್ಕಾರ'. 'ಸಂಸ್ಕಾರ'ದ ಚಿತ್ರೀಕರಣ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಆಗಿದ್ದರಿಂದ ಅದನ್ನೇ ಮೊದಲು ಹಾಕುವ ಆಸೆ ಬರುತ್ತದೆ. ಬೇಡ. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಯಾರು ಸಂಸ್ಕಾರ ಮಾಡಬೇಕೆಂದು ತೀರ್ಮಾನವಾಗುತ್ತಿಲ್ಲ. ಆ ಕಾಯುವಿಕೆಯೇ ಸಿನಿಮಾ. ಹಾಡಿಲ್ಲ, ಹಾಸ್ಯಕ್ಕೆ ಬೇರೆ ಪಾತ್ರವಿಲ್ಲ. ನಿಧಾನದ ಚಿತ್ರ ನೋಡಿ ಅಭ್ಯಾಸವಿಲ್ಲದವರು ಅರ್ಧ ಗಂಟೆಯೊಳಗೆ ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಮೊದಲ ನಾಲ್ಕನ್ನು ನೋಡಿದವರಿಗೆ ಕಾಯುವುದು ಅಭ್ಯಾಸವಾಗಿರುತ್ತದೆ.

ಕಾದಂಬರಿ ಓದುವ ಗುಂಪಾದರೆ ಸಂತೇಶಿವರದ ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿದ 'ವಂಶವೃಕ್ಷ'ವನ್ನೋ, ತೇಜಸ್ವಿಯವರ ಕಥೆಯ 'ಅಬಚೂರಿನ ಪೋಸ್ಟಾಫೀಸು' ಚಿತ್ರವನ್ನೋ ಸೇರಿಸಿ. ಪುಸ್ತಕ ಓದಿದವರು ಪುಸ್ತಕದಲ್ಲಿ ಇದ್ದು ಚಿತ್ರದಲ್ಲಿ ಇಲ್ಲದ್ದನ್ನೇ ಹುಡುಕುತ್ತಾರೆ. ಅವರಿಗೆ ಹಿಂದಿನ ಸಾಲಿನ ಕುರ್ಚಿ ಕೊಡಿ, ಪಿಸುಮಾತು ಉಳಿದವರಿಗೆ ಕೇಳದಿರಲಿ.

ಪ್ರತಿ ಸರಿಯಿದೆಯೇ ನೋಡುವ ಬಗೆ

ಹಳೆಯ ಸಿನಿಮಾ ಹಿಡಿಸಲಿಲ್ಲ ಅನ್ನುವವರಲ್ಲಿ ಬಹಳ ಜನ ನಿಜಕ್ಕೂ ನೋಡಿರುವುದು ಕೆಟ್ಟ ಪ್ರತಿಯನ್ನು. ಆದ್ದರಿಂದ ಒಂದು ವಾರ ಮೊದಲೇ ಇಡೀ ಪ್ರತಿಯನ್ನು ಒಬ್ಬರು ಕೂತು ನೋಡಲೇಬೇಕು. ಹಾರಿಸಿ ಹಾರಿಸಿ ನೋಡಿದರೆ ಲೆಕ್ಕಕ್ಕಿಲ್ಲ.

ಮೊದಲು ಚಿತ್ರದ ಆಕಾರ. ಕನ್ನಡದ ಮೊದಲ ಸಿನಿಮಾಸ್ಕೋಪ್ (ಅಗಲ ಚೌಕಟ್ಟಿನ) ಚಿತ್ರ ಬಂದದ್ದು 1977ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರರ ಅಳತೆಯದ್ದು, ಹಳೇ ಟೀವಿಯ ಹಾಗೆ. ಇಂದಿನ ಅಗಲ ಪರದೆ ತುಂಬಲೆಂದು ಅದನ್ನು ಎಳೆದರೆ ಮುಖಗಳೆಲ್ಲ ಅಡ್ಡಕ್ಕೆ ಊದುತ್ತವೆ. ಮೇಲೆ ಕೆಳಗೆ ಕತ್ತರಿಸಿದರೆ ತಲೆಯೂ ಪಾದವೂ ಹೋಗುತ್ತವೆ. ಪರೀಕ್ಷೆ ಸುಲಭ: ಎತ್ತಿನ ಗಾಡಿ ಪಕ್ಕದಿಂದ ಕಾಣುವ ಒಂದು ದೃಶ್ಯದಲ್ಲಿ ನಿಲ್ಲಿಸಿ, ಪರದೆಯ ಮೇಲೆ ಚಕ್ರದ ಎತ್ತರ, ಅಗಲ ಎರಡನ್ನೂ ಟೇಪಿನಿಂದ ಅಳೆಯಿರಿ. ಎರಡೂ ಒಂದೇ ಇರಬೇಕು. ಗಾಡಿ ಸಿಗದಿದ್ದರೆ ಗೋಡೆ ಗಡಿಯಾರ, ಹಣೆಯ ಕುಂಕುಮ. ಎಳೆದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಸಿನಿಮಾ ಓಡಿಸುವ ತಂತ್ರಾಂಶವಾದ ವಿಎಲ್‌ಸಿಯಲ್ಲಿ ಆಸ್ಪೆಕ್ಟ್ ರೇಶಿಯೋ 4:3ಕ್ಕೆ ಇಟ್ಟು ಸರಿ ಮಾಡಬಹುದು. ಕತ್ತರಿಸಿದ್ದನ್ನು ಏನೂ ಮಾಡಲಾಗದು, ಬೇರೆ ಪ್ರತಿ ಹುಡುಕಿ. ಎಡಬಲಕ್ಕೆ ಕಪ್ಪು ಪಟ್ಟಿ ಇರಬೇಕಾದ್ದೇ ಸರಿ ಎಂದು ಜನರಿಗೆ ಮೊದಲೇ ತಿಳಿಸಿ, ಇಲ್ಲದಿದ್ದರೆ ಯಾರಾದರೂ ರಿಮೋಟು ಹಿಡಿದು "ಫುಲ್ ಮಾಡಿ" ಅಂತ ಬರುತ್ತಾರೆ.

ಆಮೇಲೆ ವೇಗ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮು, ನಮ್ಮ ಟೀವಿ ಮತ್ತು ಡಿವಿಡಿಯದ್ದು 25. ಹಾಗಾಗಿ ಹಲವು ಡಿವಿಡಿ ಪ್ರತಿಗಳು ಶೇಕಡಾ 4ರಷ್ಟು ಬೇಗ ಓಡುತ್ತವೆ. 150 ನಿಮಿಷದ ಚಿತ್ರ 144ಕ್ಕೆ ಮುಗಿಯುತ್ತದೆ, ದನಿಗಳು ಸ್ವಲ್ಪ ಕೀಚಲಾಗುತ್ತವೆ. ಮಾತಿನಲ್ಲಿ ಗೊತ್ತಾಗದಿದ್ದರೂ ಹಾಡಿನಲ್ಲಿ, ಅದರಲ್ಲೂ ಪಿ.ಬಿ. ಶ್ರೀನಿವಾಸರಂಥ ತುಂಬಿದ ದನಿಯಲ್ಲಿ, ಶ್ರುತಿ ಏರಿದ್ದು ಕಿವಿಗೆ ಬೀಳುತ್ತದೆ. ಅಂಥ ಪ್ರತಿಗೆ ವೇಗವನ್ನು 0.96ಕ್ಕೆ ಇಳಿಸಿ. ಆದರೆ ವಿಎಲ್‌ಸಿ ತಾನಾಗಿ ಶ್ರುತಿಯನ್ನು ಮೊದಲಿದ್ದಲ್ಲೇ ಹಿಡಿದಿಡುತ್ತದೆ. ಆಡಿಯೋ ಆಯ್ಕೆಗಳಲ್ಲಿ ಟೈಮ್ ಸ್ಟ್ರೆಚಿಂಗ್ ಅನ್ನುವುದನ್ನು ತೆಗೆದರೆ ಮಾತ್ರ ಶ್ರುತಿಯೂ ಇಳಿಯುತ್ತದೆ.

ಮೂರನೆಯದು ಮಾತು ಮಾಯವಾಗುವ ಕಾಯಿಲೆ. ಸಂಭಾಷಣೆ ಆಳದ ಬಾವಿಯೊಳಗಿಂದ ಬಂದಂತಿರುತ್ತದೆ. ಆ ಕಾಲದ ಧ್ವನಿ ಒಂದೇ ಪಥದ್ದು, ಪ್ರತಿ ಮಾಡುವಾಗ ಅದನ್ನು ಎಡಬಲಕ್ಕೆ ಹಂಚಿರುತ್ತಾರೆ. ಒಂದು ಬದಿಯ ಧ್ವನಿತರಂಗ ಉಲ್ಟಾ ಆಗಿದ್ದರೆ, ಒಂದೇ ಸ್ಪೀಕರಿಗೆ ಎರಡನ್ನೂ ಕೂಡಿಸಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಸ್ಪೀಕರಿಗೆ ಎಡಪಥವನ್ನು ಮಾತ್ರ ಕೊಟ್ಟು ನೋಡಿ, ಮಾತು ವಾಪಸು ಬರುತ್ತದೆ.

ಹನ್ನೊಂದು ನಿಮಿಷಕ್ಕೊಮ್ಮೆ ಚಿತ್ರ ಜಿಗಿದರೆ, ಗೀರು ಹೆಚ್ಚಾದರೆ ನಿಮ್ಮ ಕೇಬಲ್ಲನ್ನು ಬೈಯಬೇಡಿ. 1,000 ಅಡಿಯ ಒಂದು ರೀಲು ಸುಮಾರು 11 ನಿಮಿಷ ಓಡುತ್ತದೆ, ಸವೆಯುವುದು ರೀಲಿನ ತಲೆಬಾಲವೇ. ಅಲ್ಲಿ ಒಂದೆರಡು ಮಾತು ಹೋಗಿದ್ದರೆ ಸಹಿಸಿಕೊಳ್ಳಬಹುದು. ಇಡೀ ಹಾಡೋ ದೃಶ್ಯವೋ ಹೋಗಿದ್ದರೆ ಅದು ಟೀವಿಗಾಗಿ ಕತ್ತರಿಸಿದ ಪ್ರತಿ, ಬಿಟ್ಟುಬಿಡಿ. 'ಸಂಸ್ಕಾರ' 113 ನಿಮಿಷದ ಚಿತ್ರ. ನಿಮ್ಮ ಕೈಯಲ್ಲಿರುವುದು 95 ನಿಮಿಷವಾದರೆ ಅದನ್ನು ತೋರಿಸಬೇಡಿ. 'ಘಟಶ್ರಾದ್ಧ'ವನ್ನು ಹೊಸದಾಗಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಗಿದೆ. ಆ ದುರಸ್ತಿಯ ಪ್ರತಿ ನೋಡಲು ಎಲ್ಲಿ ಅವಕಾಶ ಸಿಕ್ಕರೂ ಹೋಗಿ ಬನ್ನಿ.

ಅನುಮತಿಯ ವಿಷಯ. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. 1964ರ ಚಿತ್ರದ ಅವಧಿ 2024ರ ಕೊನೆಗೆ ಮುಗಿಯಿತು. ಮೇಲೆ ಹೇಳಿದ ಐದೂ ಇನ್ನೂ ಹಕ್ಕಿನೊಳಗೇ ಇವೆ. ಮನೆಯವರು, ನೆಂಟರು ಕೂತು ನೋಡುವುದು ಬೇರೆ. ಸಮುದಾಯ ಭವನದಲ್ಲಿ ಬೋರ್ಡು ಹಾಕಿ ತೋರಿಸಬೇಕಾದರೆ ಹಕ್ಕುದಾರರ ಒಪ್ಪಿಗೆ ಪತ್ರ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. ಓಟಿಟಿ ಖಾತೆ ಮನೆಯ ಬಳಕೆಗೆ ಕೊಟ್ಟದ್ದು, ಅದು ಸಾರ್ವಜನಿಕ ಪ್ರದರ್ಶನದ ಅನುಮತಿಯಲ್ಲ. ಪತ್ರಕ್ಕೆ ಎರಡು ತಿಂಗಳು ಮೊದಲೇ ಬರೆಯಿರಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ, ಬೆಂಗಳೂರಿನ ಕರ್ನಾಟಕ ಚಲನಚಿತ್ರ ಅಕಾಡೆಮಿ ವಿಚಾರಿಸಬೇಕಾದ ಜಾಗಗಳು.

ಪರದೆ, ಪ್ರೊಜೆಕ್ಟರು, ಸದ್ದು

ನಲವತ್ತು ಜನಕ್ಕೆ 8 ಅಡಿ ಅಗಲ, 6 ಅಡಿ ಎತ್ತರದ ಚಿತ್ರ ಸಾಕು. ಹೊಳಪಿಲ್ಲದ ಬಿಳಿ ಡಿಸ್ಟೆಂಪರ್ ಹೊಡೆದ ಗೋಡೆಗಿಂತ ಒಳ್ಳೆಯ ಪರದೆ ಈ ಖರ್ಚಿನಲ್ಲಿ ಸಿಗುವುದಿಲ್ಲ. ಪಂಚೆ, ಬೆಡ್‌ಶೀಟು ಕಟ್ಟಿದರೆ ಅರ್ಧ ಬೆಳಕು ಹಿಂದಕ್ಕೆ ಹಾದುಹೋಗುತ್ತದೆ. ಕಟ್ಟಲೇಬೇಕಾದರೆ ಎರಡು ಪದರ ಮಾಡಿ, ಹಿಂದೆ ಕಪ್ಪು ಬಟ್ಟೆ ಬಿಡಿ. ಫ್ಲೆಕ್ಸಿನ ಹಿಂಬದಿ ಬೇಡ, ನಡುವೆ ಬೆಳಕಿನ ಗುಂಡು ಹೊಳೆಯುತ್ತದೆ. ಕುರ್ಚಿ ಹಾಕುವುದಾದರೆ ಚಿತ್ರದ ಕೆಳಅಂಚು ನೆಲದಿಂದ 4 ಅಡಿ ಮೇಲಿರಲಿ, ಮೊದಲ ಸಾಲು 10 ಅಡಿ ದೂರವಿರಲಿ.

ಪ್ರೊಜೆಕ್ಟರು ಎಷ್ಟು ದೂರ ಇಡಬೇಕೆಂಬ ಲೆಕ್ಕದಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಯಂತ್ರದ ಥ್ರೋ ರೇಶಿಯೋ 1.5 ಅಂದರೆ ಚಿತ್ರದ ಅಗಲದ ಒಂದೂವರೆ ಪಟ್ಟು ದೂರ. 8 ಅಡಿಗೆ 12 ಅಡಿ ಎಂದು ಇಟ್ಟರೆ ಹಳೆಯ ಚಿತ್ರ 6 ಅಡಿ ಅಗಲವಷ್ಟೇ ಬೀಳುತ್ತದೆ, ಯಾಕೆಂದರೆ ಎಡಬಲದ ಕಪ್ಪು ಪಟ್ಟಿಯೂ ಆ 8 ಅಡಿಯೊಳಗೇ ಇದೆ. ಅಗಲ ಪರದೆಯ ಯಂತ್ರವಾದರೆ ಪಟ್ಟಿ ಸೇರಿ 10 ಅಡಿ 8 ಇಂಚು ಬೇಕು, ಅಂದರೆ ದೂರ 16 ಅಡಿ. ಸಾಮಾನ್ಯವಾಗಿ ಶಾಲೆಗಳಲ್ಲಿರುವ ಹಳೆಯ ನಾಲ್ಕಕ್ಕೆ ಮೂರರ ಪ್ರೊಜೆಕ್ಟರು ಸಿಕ್ಕರೆ ಈ ತಾಪತ್ರಯವೇ ಇಲ್ಲ, ಇಂಥ ಚಿತ್ರಕ್ಕೆ ಅದೇ ವಾಸಿ. ಬೆಳಕು 3,000 ಆನ್ಸಿ ಲ್ಯೂಮೆನ್ಸ್ (ಪ್ರಮಾಣಿತ ವಿಧಾನದಲ್ಲಿ ಅಳೆದ ಬೆಳಕು) ಇರಲಿ. ಅಗ್ಗದ ಯಂತ್ರಗಳ ಡಬ್ಬದ ಮೇಲೆ ಬರೀ ಲ್ಯೂಮೆನ್ಸ್ ಎಂದು ಬರೆದ ದೊಡ್ಡ ಸಂಖ್ಯೆ ನಂಬಬೇಡಿ. ಯಂತ್ರವನ್ನು ಓರೆ ಮಾಡಿ ಕೀಸ್ಟೋನಿನಲ್ಲಿ (ಚಿತ್ರದ ಓರೆ ಸರಿಪಡಿಸುವ ಸೌಲಭ್ಯದಲ್ಲಿ) ತಿದ್ದುವ ಬದಲು ಮೇಜಿನ ಕೆಳಗೆ ಇಟ್ಟಿಗೆ ಕೊಟ್ಟು ನೇರ ಮಾಡಿ. ತಿದ್ದಿದಷ್ಟೂ ಚಿತ್ರ ಮಸುಕಾಗುತ್ತದೆ.

ಕಪ್ಪು ಬಿಳುಪಿನ ಚಿತ್ರಕ್ಕೆ ಬಣ್ಣದ್ದಕ್ಕಿಂತ ಹೆಚ್ಚು ಕತ್ತಲೆ ಬೇಕು. ಕಿಟಕಿಯಿಂದ ಬೆಳಕು ಸೋರಿದರೆ ಕಪ್ಪೆಲ್ಲ ಬೂದಿಯಾಗಿ, 'ಘಟಶ್ರಾದ್ಧ'ದ ಕಾಡು ಮತ್ತು ಒಳಮನೆ ಏನೂ ಕಾಣುವುದಿಲ್ಲ. ಕಾಫಿ ಒಣಗಿಸುವ ಟಾರ್ಪಾಲು ಎರಡು ಸಾಕು, ಕಿಟಕಿಗೆ ಹೊರಗಿನಿಂದ ಕಟ್ಟಿ.

ಸ್ಪೀಕರು ಪರದೆಯ ಪಕ್ಕದಲ್ಲೇ, ಕೂತವರ ಕಿವಿಗಿಂತ ಒಂದಡಿ ಮೇಲೆ. ಹಳೆಯ ಧ್ವನಿಗೆ ಬೇಸ್ ಏರಿಸಿದರೆ ಗುಂಯ್‌ಗುಡುತ್ತದೆ, ಅದನ್ನು ಇಳಿಸಿ ನಡುದನಿಯನ್ನು ಸ್ವಲ್ಪ ಏರಿಸಿ. ಲ್ಯಾಪ್‌ಟಾಪಿಗೆ ಚಾರ್ಜರು ಹಾಕಿದಾಗ ಮಾತ್ರ ಝುಂಯ್ ಸದ್ದು ಬಂದರೆ ಎಲ್ಲ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿ, ಆಗಲೂ ಹೋಗದಿದ್ದರೆ ಬ್ಯಾಟರಿಯಲ್ಲೇ ಓಡಿಸಿ.

ಮಳೆ, ಕರೆಂಟು, ಹುಳ, ಆನೆ

ಜೂನಿನಿಂದ ಸೆಪ್ಟೆಂಬರ್ ತನಕ ತಗಡಿನ ಮಾಡಿನ ಕೆಳಗೆ ಸಿನಿಮಾ ಇಡಬೇಡಿ, ಮಳೆ ಹೊಡೆದರೆ ಯಾವ ಸ್ಪೀಕರೂ ಸಾಲದು. ಹೆಂಚಿನ ಮಾಡು ಅಥವಾ ತಾರಸಿ ಹುಡುಕಿ. ಕಾಫಿ ಕಣ ಬಯಲು ಪ್ರದರ್ಶನಕ್ಕೆ ಹೇಳಿ ಮಾಡಿಸಿದಂಥ ಜಾಗ, ಆದರೆ ಕೊಯ್ಲಿನ ತಿಂಗಳುಗಳಲ್ಲಿ ಹಣ್ಣು ಹರಡಿರುತ್ತಾರೆ. ಅದು ಮುಗಿದ ಮೇಲೆ ಕೇಳಿ. ಮೊದಲ ಮಳೆ ಬಿದ್ದ ಸಂಜೆ ಮಾತ್ರ ಬಯಲಿನಲ್ಲಿ ಬೇಡವೇ ಬೇಡ. ರೆಕ್ಕೆ ಬಂದ ಗೆದ್ದಲು ಬೆಳಕಿಗೆ ಮುತ್ತುತ್ತದೆ, ಪ್ರೊಜೆಕ್ಟರಿನ ಫ್ಯಾನಿನೊಳಗೆ ಸಿಕ್ಕಿಕೊಳ್ಳುತ್ತದೆ. ಬೇರೆ ದಿನಗಳಲ್ಲೂ 50 ಅಡಿ ಆಚೆ ಒಂದು ಪ್ರಖರ ಬಲ್ಬು ಹಾಕಿಡಿ, ಹುಳ ಅತ್ತ ಹೋಗುತ್ತದೆ.

ತಂಡಿಯಲ್ಲಿ ಇಟ್ಟಿದ್ದ ಪ್ರೊಜೆಕ್ಟರನ್ನು ಜನ ತುಂಬಿದ ಕೋಣೆಗೆ ತಂದರೆ ಮಸೂರದ ಮೇಲೆ ಇಬ್ಬನಿ ಕೂರುತ್ತದೆ. ಅರ್ಧ ಗಂಟೆ ಮೊದಲು ತಂದಿಡಿ, ಒರೆಸಬೇಡಿ. ಮಳೆಗಾಲದುದ್ದಕ್ಕೂ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ.

ದೀಪದ ಪ್ರೊಜೆಕ್ಟರು ಓಡುವಾಗ ಕರೆಂಟು ಹೋದರೆ ಫ್ಯಾನು ನಿಂತು ಕಾದ ಬಲ್ಬು ಕೆಡುವ ಸಂಭವವಿದೆ. 600 ವಿಎ ಯುಪಿಎಸ್ ಒಂದನ್ನು ಅದಕ್ಕೇ ಮೀಸಲಿಡಿ. ಅದು ಕೊಡುವ ಕೆಲವು ನಿಮಿಷ ಸಿನಿಮಾ ನೋಡಲಿಕ್ಕಲ್ಲ, ಬಲ್ಬು ತಣಿಸಲಿಕ್ಕೆ. ಪೂರ್ತಿ ಚಿತ್ರವನ್ನು ಇನ್ವರ್ಟರಿನಲ್ಲಿ ಓಡಿಸಬೇಕಾದರೆ ಲೆಕ್ಕ ಹಾಕಿ: ಪ್ರೊಜೆಕ್ಟರು 300 ವ್ಯಾಟ್, ಸ್ಪೀಕರು 100, ಲ್ಯಾಪ್‌ಟಾಪು 60. 150 ಎಎಚ್ ಬ್ಯಾಟರಿ ಒಂದು ಹೊಸದಾಗಿದ್ದರೆ ಎರಡು ಗಂಟೆ ನಂಬಬಹುದು, ಎರಡೂವರೆ ಗಂಟೆಯ ಚಿತ್ರಕ್ಕೆ ಎರಡು ಬ್ಯಾಟರಿ ಬೇಕು.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಡುವ ಊರುಗಳಲ್ಲಿ ರಾತ್ರಿ ಪ್ರದರ್ಶನವೇ ಬೇಡ. ಮಧ್ಯಾಹ್ನ 2ಕ್ಕೆ ಶುರುವಾದರೆ ಮಾತುಕತೆ ಮುಗಿಸಿ 5:30ರೊಳಗೆ ಎಲ್ಲರೂ ಮನೆ ಸೇರಬಹುದು. ತೋಟದ ಕೆಲಸಗಾರರ ಲೈನಿನ ಮನೆಗಳಿಂದ ನಡೆದು ಬರುವವರಿಗೆ ವಾಪಸು ಜೀಪಿನ ಏರ್ಪಾಡು ಮಾಡಿ, ಯಾರ ಜೀಪಿನಲ್ಲಿ ಯಾರು ಅನ್ನುವುದನ್ನು ಸಿನಿಮಾಕ್ಕೆ ಮೊದಲೇ ಬರೆದಿಡಿ.

ಮುಂಚೆ ಏನು ಹೇಳಬೇಕು, ಮುಗಿದ ಮೇಲೆ ಏನು ಕೇಳಬೇಕು

ಪರಿಚಯ ಎರಡು ನಿಮಿಷ ಮೀರಬಾರದು. ಮೂರು ಸಂಗತಿ ಸಾಕು: ಎಲ್ಲಿಯದು, ಎಷ್ಟು ಹೊತ್ತು, ಏನನ್ನು ಗಮನಿಸಬೇಕು. "ಇದು ನಮ್ಮ ಶೃಂಗೇರಿ ಪಕ್ಕದ ವೈಕುಂಠಪುರದಲ್ಲಿ ತೆಗೆದದ್ದು. ಎರಡು ಗಂಟೆಗೆ ಸ್ವಲ್ಪ ಕಮ್ಮಿ, ಹಾಡಿಲ್ಲ. ಹೆಣದ ಸುದ್ದಿ ಕೇಳಿದ ಮೇಲೆ ಒಬ್ಬೊಬ್ಬರ ಮುಖ ಹೇಗಾಗುತ್ತೆ ನೋಡ್ತಾ ಇರಿ." ಇಷ್ಟೇ. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದನ್ನು, ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆದದ್ದನ್ನು ಆಮೇಲೆ ಹೇಳಿ. ಮುಂಚೆ ಹೇಳಿದರೆ ಜನ ಪರೀಕ್ಷೆಗೆ ಕೂತವರ ಹಾಗೆ ಕೂರುತ್ತಾರೆ.

'ವಿರಾಮ' ಎಂದು ಬರುವಲ್ಲಿ ಮಾತ್ರ ನಿಲ್ಲಿಸಿ, ಕಾಫಿಗೆ ಹತ್ತು ನಿಮಿಷ. ಮುಗಿದ ತಕ್ಷಣ ದೀಪ ಹಾಕಬೇಡಿ, ಒಂದು ನಿಮಿಷ ಕತ್ತಲೆ ಇರಲಿ. "ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಂತಲೇ ಉತ್ತರ. ಅದರ ಬದಲು "ಅಜ್ಜಿ, ನೀವಾಗಿದ್ರೆ ಇಂದಿರಾ ಜಾಗದಲ್ಲಿ ಏನ್ ಹೇಳ್ತಿದ್ರಿ?" ಎಂದು 'ಬೆಳ್ಳಿಮೋಡ'ದ ನಂತರ ಕೇಳಿ ನೋಡಿ, ಹಿಂದಿನ ಸಾಲಿನ ತನಕ ವಾದ ಹತ್ತಿಕೊಳ್ಳುತ್ತದೆ. ಮಾತುಕತೆಗೆ 20 ನಿಮಿಷ ಇಟ್ಟುಕೊಳ್ಳಿ.

ಹೊರಡುವ ಮುನ್ನ ಒಂದು ನೋಟ್‌ಬುಕ್ಕು ಸುತ್ತಿಸಿ. ಪ್ರತಿಯೊಬ್ಬರೂ ತಮಗೆ ಅತಿ ಪ್ರಿಯವಾದ ಒಂದೇ ಸಿನಿಮಾದ ಹೆಸರು, ಅದರ ಪಕ್ಕದಲ್ಲಿ ಮರೆಯಲಾಗದ ಒಂದು ದೃಶ್ಯವನ್ನು ಒಂದು ಸಾಲಿನಲ್ಲಿ ಬರೆಯಲಿ. ದೃಶ್ಯ ಬರೆಯಲಾಗದಿದ್ದರೆ ಹೆಸರೂ ಬೇಡ. ಬರೆಯಲು ಬಾರದವರದ್ದನ್ನು ಪಕ್ಕದವರು ಕೇಳಿ ಬರೆದುಕೊಳ್ಳಲಿ. ಆರನೆಯ ಸಿನಿಮಾವನ್ನು ಆ ನೋಟ್‌ಬುಕ್ಕಿನಿಂದ ಆರಿಸಿ, ಪರಿಚಯದ ಎರಡು ನಿಮಿಷವನ್ನು ಹೆಸರು ಬರೆದವರಿಗೇ ಕೊಡಿ.