ಮೊದಲು ಒಗ್ಗರಣೆ ಕಲಿಯಿರಿ: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ ಅಡುಗೆಯ ಮಾತು

ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು, ಯಾವ ಯಾವ ಮಸಾಲೆ ಪ್ಯಾಕೆಟ್ ತಗೊಳ್ಳಬೇಕು ಅಂತ. ಸದ್ಯಕ್ಕೆ ಯಾವುದೂ ಬೇಡ. ಪಲಾವ್, ಛೋಲೆ, ಪಾವ್‌ಭಾಜಿ ಅಂತ ಹತ್ತು ಪ್ಯಾಕೆಟ್ ತಂದಿಟ್ಟರೆ ಒಂದೊಂದರಲ್ಲಿ ಎರಡು ಚಮಚ ಖರ್ಚಾಗುತ್ತದೆ, ಉಳಿದದ್ದು ಘಮ ಕಳೆದುಕೊಂಡು ಕೂತಿರುತ್ತದೆ. ಸಾಸಿವೆ, ಜೀರಿಗೆ, ಅರಿಶಿನ, ಇಂಗು, ಒಣಮೆಣಸಿನಕಾಯಿ, ಇವಿಷ್ಟು ಮೊದಲು ತನ್ನಿ. ಕೈ ಸ್ವಲ್ಪ ಕುದುರಿದ ಮೇಲೆ ಧನಿಯಾ, ಮೆಂತ್ಯ, ಕಾಳುಮೆಣಸು ಸೇರಿಸಿಕೊಳ್ಳಿ. ದಿನದ ಸಾರು, ಪಲ್ಯ, ಚಿತ್ರಾನ್ನಕ್ಕೆ ಬೇರೇನೂ ಬೇಡ.

ಕೊಳ್ಳುವಾಗ ಆದಷ್ಟು ಇಡೀ ಕಾಳನ್ನೇ ತಗೊಳ್ಳಿ. ಪುಡಿಗಿಂತ ಕಾಳಿನಲ್ಲಿ ಘಮ ಜಾಸ್ತಿ ದಿನ ಉಳಿಯುತ್ತದೆ. ಮಾಮೂಲಿ ಸೂಪರ್‌ಮಾರ್ಕೆಟ್‌ನಲ್ಲಿ ಜೀರಿಗೆ ತಗೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಕ್ಯಾರವೇ ಅನ್ನೋ ಬೀಜ ನೋಡಲು ಹೆಚ್ಚುಕಡಿಮೆ ಜೀರಿಗೆಯ ಹಾಗೇ ಇರುತ್ತದೆ, ರುಚಿ ಪೂರ್ತಿ ಬೇರೆ. ಡಬ್ಬಿಯ ಮೇಲಿನ ಹೆಸರು ಓದಿಯೇ ತಗೊಳ್ಳಿ. ಗೋಧಿ ಒಗ್ಗದವರು ಇಂಗಿನ ಡಬ್ಬಿಯನ್ನೂ ಓದಬೇಕು, ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಮೆಣಸಿನಕಾಯಿ ಬ್ಯಾಡಗಿ ಸಿಕ್ಕರೆ ಒಳ್ಳೆಯದು, ಬಣ್ಣ ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಸಿಕ್ಕರೆ ಅರ್ಧಕ್ಕಿಂತ ಕಡಿಮೆ ಹಾಕಿ ಶುರು ಮಾಡಿ.

ಈಗ ಒಗ್ಗರಣೆ. ನಮ್ಮ ಅಡುಗೆಯಲ್ಲಿ ಕೆಲಸ ಅಂತ ಕಲಿಯಬೇಕಾದ್ದು ಇದೇ. ಮಸಾಲೆ ಕಾಳುಗಳ ಘಮ ಇರುವುದು ಅವುಗಳ ಎಣ್ಣೆಯಲ್ಲಿ. ಅದು ನೀರಿಗಿಂತ ಬಿಸಿ ಎಣ್ಣೆಯಲ್ಲಿ, ತುಪ್ಪದಲ್ಲಿ ಚೆನ್ನಾಗಿ ಬಿಡುತ್ತದೆ. ಅದಕ್ಕೇ ಅದೇ ಜೀರಿಗೆಯನ್ನು ಕುದಿಯುವ ಬೇಳೆಗೆ ಸುಮ್ನೆ ಉದುರಿಸಿದರೆ ಸಪ್ಪೆ, ಒಗ್ಗರಣೆ ಹಾಕಿದರೆ ಮನೆಯೆಲ್ಲ ಘಮ.

ಚಿಕ್ಕ ಬಾಣಲೆಗೆ ಎರಡು ಚಮಚ ಎಣ್ಣೆ ಹಾಕಿ ಕಾಯಲು ಬಿಡಿ. ಒಂದೆರಡು ಸಾಸಿವೆ ಹಾಕಿ ನೋಡಿ. ಅವು ತಕ್ಷಣ ಸಿಡಿದರೆ ಉಳಿದದ್ದು ಹಾಕಿ, ಸುಮ್ಮನೆ ಕೂತರೆ ಇನ್ನೂ ಕಾಯಬೇಕು. ಸಾಸಿವೆ ಪೂರ್ತಿ ಸಿಡಿಯದಿದ್ದರೆ ಬಾಯಿಗೆ ಕಹಿಯಾಗಿ ಸಿಗುತ್ತದೆ, ಹಾಗಾಗಿ ಅವಸರ ಬೇಡ. ಚಟಪಟ ಸದ್ದು ಇಳಿಯುವ ಹೊತ್ತಿಗೆ ಜೀರಿಗೆ. ಪಲ್ಯಕ್ಕಾದರೆ ಉದ್ದಿನಬೇಳೆ, ಕಡಲೆಬೇಳೆಯನ್ನೂ ಈಗಲೇ ಹಾಕಿ, ಹೊಂಬಣ್ಣ ಬರುವ ತನಕ ಕೈಯಾಡಿಸಿ. ಆಮೇಲೆ ಮುರಿದ ಒಣಮೆಣಸಿನಕಾಯಿ, ಒರೆಸಿ ನೀರು ಆರಿಸಿದ ಕರಿಬೇವು. ಒಲೆ ಆರಿಸಿ ಕೊನೆಗೆ ಇಂಗು, ಚಿಟಿಕೆ ಅರಿಶಿನ. ಪುಡಿಗಳನ್ನು ಮೊದಲೇ ಹಾಕಿದರೆ ಅರೆಕ್ಷಣದಲ್ಲಿ ಸೀದು ಹೋಗುತ್ತವೆ. ಕಪ್ಪಾದ ಒಗ್ಗರಣೆಯನ್ನು ಸಾರಿಗೆ ಸುರಿಯಬೇಡಿ. ಎರಡು ಚಮಚ ಎಣ್ಣೆ ಹೋದರೆ ಹೋಯಿತು, ಚೆಲ್ಲಿ ಬೇರೆ ಮಾಡಿ.

ಊರಿನ ಗ್ಯಾಸ್ ಒಲೆಗೂ ಇಲ್ಲಿಯ ಕರೆಂಟ್ ಒಲೆಗೂ ದೊಡ್ಡ ವ್ಯತ್ಯಾಸ ಇದೆ. ಗ್ಯಾಸ್ ಆರಿಸಿದ ಕೂಡಲೇ ಉರಿ ಹೋಗುತ್ತದೆ. ಸುರುಳಿ ಅಥವಾ ಗಾಜಿನ ಹಾಸಿನ ಕರೆಂಟ್ ಒಲೆ ಆರಿಸಿದ ಮೇಲೂ ಸುಮಾರು ಹೊತ್ತು ಕಾದೇ ಇರುತ್ತದೆ. ಹಾಗಾಗಿ ಗುಂಡಿ ತಿರುಗಿಸಿದರೆ ಸಾಲದು, ಬಾಣಲೆಯನ್ನೇ ಎತ್ತಿ ಪಕ್ಕಕ್ಕಿಡಿ. ಹೊಸಬರ ಒಗ್ಗರಣೆ ಜಾಸ್ತಿ ಸೀಯುವುದು ಇಲ್ಲೇ.

ಮೆಣಸಿನಕಾಯಿ ಘಾಟಿಗೆ, ಹೊಗೆಗೆ ಅಲಾರಂ ಹೊಡೆಯಬಹುದು. ಒಲೆ ಹಚ್ಚುವ ಮೊದಲೇ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಮಲಗುವ ಕೋಣೆಯ ಬಾಗಿಲು ಮುಚ್ಚಿ. ಕೋಟುಗಳು ಅಡುಗೆಮನೆಯ ಹತ್ತಿರ ಇರುವುದು ಬೇಡ, ಉಣ್ಣೆಗೆ ವಾಸನೆ ಹಿಡಿದರೆ ಬೇಗ ಬಿಡುವುದಿಲ್ಲ. ಅಲಾರಂನ ಬ್ಯಾಟರಿ ಮಾತ್ರ ಯಾವತ್ತೂ ತೆಗೆಯಬೇಡಿ. ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ನೀರು ಹಾಕಲೇಬಾರದು, ಬೆಂಕಿ ಇನ್ನೂ ಹಾರುತ್ತದೆ. ಒಲೆ ಆರಿಸಿ, ತಟ್ಟೆ ಮುಚ್ಚಿ, ತಣ್ಣಗಾಗುವ ತನಕ ಹಾಗೇ ಬಿಡಿ. ಕೈಗೆ ಸಿಗುವ ಹಾಗೆ ಒಂದು ಲೋಹದ ಮುಚ್ಚಳ ಯಾವಾಗಲೂ ಪಕ್ಕದಲ್ಲಿರಲಿ.

ಮೊದಲ ಅಡುಗೆಯಾಗಿ ಸಾರು ಮಾಡಿ. ಕುಕ್ಕರ್ ಇದ್ದರೆ ಅರ್ಧ ಕಪ್ ತೊಗರಿಬೇಳೆ ತೊಳೆದು, ಒಂದೂವರೆ ಕಪ್ ನೀರು, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ ಹಾಕಿ ನಾಲ್ಕು ಸೀಟಿ ಕೂಗಿಸಿ. ಕುಕ್ಕರ್ ಇಲ್ಲದವರು ತೊಗರಿಬೇಳೆಯ ಜೊತೆ ಒದ್ದಾಡಬೇಡಿ, ತೆರೆದ ಪಾತ್ರೆಯಲ್ಲಿ ಅದು ಬೇಯಲು ತುಂಬಾ ಹೊತ್ತು ಬೇಕು. ಕೆಂಪು ಮಸೂರ್ ಬೇಳೆ ಎಷ್ಟೋ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗುತ್ತದೆ. ಸ್ವಲ್ಪ ಜಾಸ್ತಿ ನೀರಿಟ್ಟರೆ ಮಾಮೂಲಿ ಪಾತ್ರೆಯಲ್ಲೇ ಇಪ್ಪತ್ತು ನಿಮಿಷದಲ್ಲಿ ಕರಗುತ್ತದೆ. ಅಮ್ಮ ಮಾಡುವ ಸಾರಿನ ರುಚಿಯೇ ಅಲ್ಲ, ನಿಜ. ಆದರೆ ಕೆಲಸ ಮುಗಿಸಿ ಬಂದ ಸಂಜೆಗೆ ಅದು ದೊಡ್ಡ ಆಸರೆ.

ಇನ್ನೊಂದು ಪಾತ್ರೆಯಲ್ಲಿ ಹೆಚ್ಚಿದ ಎರಡು ಟೊಮೆಟೊ, ನೆನೆಸಿ ಕಿವುಚಿದ ಸ್ವಲ್ಪ ಹುಣಸೆಹಣ್ಣಿನ ರಸ, ಉಪ್ಪು, ಎರಡು ಚಮಚ ಸಾರಿನ ಪುಡಿ, ಚೂರು ಬೆಲ್ಲ ಹಾಕಿ ಕುದಿಸಿ. ಪುಡಿಯ ಹಸಿ ವಾಸನೆ ಹೋದ ಮೇಲೆ ಮಸೆದ ಬೇಳೆ ಸೇರಿಸಿ, ಬೇಕಾದಷ್ಟು ನೀರು ಬಿಟ್ಟು ಒಂದು ಕುದಿ ಬರಿಸಿ. ಮೇಲೆ ತುಪ್ಪದ ಒಗ್ಗರಣೆ. ಹುಣಸೆ ಇಲ್ಲವೇ? ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಕುದಿಯುವಾಗ ಹಿಂಡಿದರೆ ಕಹಿ ಬರಬಹುದು.

ಸಾರಿನ ಪುಡಿ ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ. ನಾಲ್ಕು ದೊಡ್ಡ ಚಮಚ ಧನಿಯಾ, ಒಂದು ದೊಡ್ಡ ಚಮಚ ಜೀರಿಗೆ, ಒಂದು ಚಿಕ್ಕ ಚಮಚ ಕಾಳುಮೆಣಸು, ಅರ್ಧ ಚಿಕ್ಕ ಚಮಚ ಮೆಂತ್ಯ, ಹತ್ತು ಬ್ಯಾಡಗಿ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ, ಉರಿ ಸಣ್ಣಗಿರಲಿ. ಮೆಂತ್ಯ ಕೆಂಪಗಾದರೆ ಸಾಕು, ಕಪ್ಪಾದರೆ ಇಡೀ ಪುಡಿ ಕಹಿ. ಆರಿದ ಮೇಲೆ ಪುಡಿ ಮಾಡಿ. ಕಾಫಿ ಬೀಜ ಪುಡಿ ಮಾಡುವ ಚಿಕ್ಕ ಯಂತ್ರ ಇದಕ್ಕೆ ಸಾಕು. ಊರಿಂದ ಮಿಕ್ಸಿ ಹೊತ್ತು ತರುವ ಯೋಚನೆ ಇದ್ದರೆ ಮೊದಲು ವೋಲ್ಟೇಜ್ ನೋಡಿ. ಅಮೆರಿಕ, ಕೆನಡಾದಲ್ಲಿ 120 ವೋಲ್ಟ್, ನಮ್ಮ ಮಿಕ್ಸಿಗೆ ಬೇಕಾದ್ದು 230. ಪ್ಲಗ್ ಬದಲಿಸಿದ ಮಾತ್ರಕ್ಕೆ ಓಡುವುದಿಲ್ಲ. ಹಾಗೆಯೇ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಬಿಸಿಯಾಗುವುದೇ ಇಲ್ಲ, ಇಂಡಕ್ಷನ್ ತಳದ್ದೇ ಬೇಕು. ಮನೆಯಲ್ಲಿ ಯಾವ ಒಲೆ ಇದೆ ಅಂತ ತಿಳಿದುಕೊಂಡು ತಗೊಳ್ಳಿ.

ಒಗ್ಗರಣೆ ಕೈಗೆ ಬಂದ ಮೇಲೆ ಪಲ್ಯ ಬಹಳ ಸುಲಭ. ಅದೇ ಒಗ್ಗರಣೆಗೆ ಹೆಚ್ಚಿದ ಎಲೆಕೋಸು, ಉಪ್ಪು ಹಾಕಿ ಮುಚ್ಚಿ ಬೇಯಿಸಿ, ಕೊನೆಗೆ ತೆಂಗಿನತುರಿ. ಫ್ರೀಜರ್‌ನಲ್ಲಿ ಸಿಗುವ ತುರಿ ಚೆನ್ನಾಗಿರುತ್ತದೆ, ಒಣ ತುರಿ ತಂದರೆ ಸಕ್ಕರೆ ಬೆರೆಸದ್ದು ನೋಡಿ ತನ್ನಿ. ಅದೇ ಒಗ್ಗರಣೆಗೆ ಕಡಲೆಬೀಜ, ತಣ್ಣನೆಯ ಅನ್ನ, ನಿಂಬೆರಸ ಸೇರಿಸಿದರೆ ಚಿತ್ರಾನ್ನ. ಮೊಸರನ್ನಕ್ಕೆ ತಗೊಳ್ಳುವ ಮೊಸರು ಸಿಹಿ ಹಾಕದ ಮಾಮೂಲಿ ಮೊಸರೇ ಇರಲಿ.

ಕರಿಬೇವು ಕೆಲವು ದೇಶಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಬರಬಹುದು ಅಂತ ಹಸಿ ಎಲೆ ತರಲು ತಡೆ ಇದೆ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟರೂ ಹಸಿ ಎಲೆ ಸೂಟ್‌ಕೇಸಿಗೆ ಹಾಕಬೇಡಿ. ಪುಡಿ, ಕಾಳು ಏನೇ ತಂದರೂ ವಿಮಾನ ನಿಲ್ದಾಣದ ಫಾರಂನಲ್ಲಿ ಆಹಾರ ಇದೆ ಅಂತಲೇ ಬರೆಯಿರಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು, ಮುಚ್ಚಿಟ್ಟರೆ ದಂಡ ಬೀಳುತ್ತದೆ. ಇಲ್ಲಿ ಕಟ್ಟು ಸಿಕ್ಕಾಗ ತೊಳೆದು, ಆರಿಸಿ, ಫ್ರೀಜರ್‌ನಲ್ಲಿಡಿ. ಸಿಗದ ವಾರ ಕರಿಬೇವು ಇಲ್ಲದೆಯೂ ಸಾರು ಆಗುತ್ತದೆ. ಇಂಗು ಇಲ್ಲದಿದ್ದರೆ ಒಂದೆಸಳು ಬೆಳ್ಳುಳ್ಳಿ ಜಜ್ಜಿ ಹಾಕಿ.

ವಾರಕ್ಕೆಲ್ಲ ಒಮ್ಮೆಗೇ ಬೇಯಿಸಿಡುವವರು ಅನ್ನದ ವಿಷಯದಲ್ಲಿ ಹುಷಾರಾಗಿರಿ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾ ಕುದಿಸಿದರೂ ಪೂರ್ತಿ ಸಾಯುವುದಿಲ್ಲ, ಅನ್ನ ಹೊರಗೆ ಉಳಿದರೆ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ರಾತ್ರಿಯಿಡೀ ಒಲೆಯ ಮೇಲೆ ಬಿಡಬೇಡಿ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಮರುದಿನವೇ ಮುಗಿಸಿ. ರಾಜ್ಮಾ ಮಾಡುವವರು ಇಡೀ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ಸಣ್ಣ ಉರಿಯ ಸ್ಲೋ ಕುಕ್ಕರ್‌ನಲ್ಲಿ ಹಸಿ ಕಾಳನ್ನು ನೇರವಾಗಿ ಹಾಕಿದರೆ ಅದರೊಳಗಿನ ನಂಜು ಹೋಗದೆ ವಾಂತಿ, ಭೇದಿ ಆಗಬಹುದು. ಸಮಯವಿಲ್ಲದ ದಿನ ಡಬ್ಬಿಯಲ್ಲಿ ಬರುವ ಬೆಂದ ರಾಜ್ಮಾ ತೊಳೆದು ಹಾಕಿ, ಅದಕ್ಕೇನೂ ಸಂಕೋಚ ಬೇಡ.